ಒಂಬತ್ತು ಗಂಟೆ ಬೆಂದ ಕುಂಭ

ಕುಂಭವನ್ನು ಹುಣಸೆಮರದ ಕೊಡತಿಯಿಂದ ಬಡಿಯಬೇಕು. ಕಬ್ಬಿಣದ ಸುತ್ತಿಗೆಯಾದರೆ ಸುತ್ತಿಗೆಯ ಸದ್ದೇ ಮುಂದೆ ಬಂದುಬಿಡುತ್ತದೆ. ಕಂಠಕ್ಕೆ, ಬಾಯಂಚಿನಿಂದ ಎರಡು ಬೆರಳು ಕೆಳಗೆ, ಒಂದೇ ಒಂದು ಏಟು. ಆಮೇಲೆ ಉಸಿರು ಹಿಡಿದು ಕೇಳಬೇಕು. ನಾದ ಹೇಗೆ ಹುಟ್ಟಿತು ಅನ್ನುವುದಕ್ಕಿಂತ ಹೇಗೆ ಮುಗಿಯಿತು ಅನ್ನುವುದು ಮುಖ್ಯ. ಗಟ್ಟಿ ಕುಂಭದ ನಾದ ಸಣ್ಣಗಾಗುತ್ತಾ ಹೋಗಿ ಎಲ್ಲಿ ನಿಂತಿತೋ ತಿಳಿಯುವುದಿಲ್ಲ. ಬಿರುಕಿದ್ದರೆ ನಡುವೆ ಎಲ್ಲೋ ಎಡವುತ್ತದೆ.

ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ. ನಮ್ಮಪ್ಪ ವೀರಭದ್ರಾಚಾರ್ ಕೆಂಚನಹೊಳೆಯ ಹಳೇ ಎರಕದ ಕಾರ್ಖಾನೆಯಲ್ಲಿ ಅಚ್ಚು ಕಟ್ಟುತ್ತಿದ್ದರು. ಸಂಜೆ ಕೈ ತೊಳೆದು, ಕಾಳಮ್ಮನಿಗೆ ದೀಪ ಹಚ್ಚಿ, ಜಗುಲಿಯಲ್ಲಿ ಕಾವ್ಯ ಓದುತ್ತಿದ್ದರು. ಗಮಕ. ಪದ್ಯದ ಕೊನೆಯ ಅಕ್ಷರ ಅವರ ಗಂಟಲಿನಿಂದ ಇಳಿದು ಬೀದಿಯ ಗಾಳಿಯಲ್ಲಿ ಕರಗುವವರೆಗೆ ನಾನು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದೆ. ಹಾಡಲು ನನಗೆ ಕಂಠವಿಲ್ಲ. "ಕಮಲೂಗೆ ದೇವರು ಕಿವಿ ಕೊಟ್ಟ. ಅಷ್ಟು ಸಾಕು. ಎಲ್ಲರೂ ಓದ್ತಾ ಕೂತರೆ ಕೇಳೋರು ಯಾರು?" ಅನ್ನುತ್ತಿದ್ದರು.

ಆ ಜಗುಲಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಕೇಳಿದವನು ಸುಹಾಸ. ತಾಯಿ ತೀರಿಕೊಂಡ ಮೇಲೆ ಏಳನೇ ವಯಸ್ಸಿಗೆ ನಮ್ಮ ಮನೆ ಸೇರಿದವನು. ಅವನಿಗೆ ಕಿವಿಯೂ ಇತ್ತು, ಕಂಠವೂ ಇತ್ತು. ಮಧ್ಯಾಹ್ನದ ಊಟ ಎದುರುಮನೆ ಜುಲೇಖಾಳ ಮೆಸ್ಸಿನಲ್ಲಿ, ರಾತ್ರಿ ನಮ್ಮಲ್ಲಿ. ಓದಿ ಲೋಹಶಾಸ್ತ್ರದ ಎಂಜಿನಿಯರಾದ. ಊರಿನ ಸೂರ್ಯಕುಂಭ ಕಾರ್ಖಾನೆ ಶುರುಮಾಡಿದವನೂ ಅವನೇ.

ಗ್ಯಾಸ್ ಸಿಲಿಂಡರು ಬರುವುದು ನಿಂತು ಆಗ ಆರು ವರ್ಷ. ಕಾಡು ಕಡಿಯುವಂತಿಲ್ಲ, ಮನೆಗಳಿಗೆ ಕರೆಂಟು ದಿನಕ್ಕೆ ನಾಲ್ಕೇ ಗಂಟೆ. ಹಗಲಿನ ಬಿಸಿಲನ್ನು ಸಂಜೆಯ ಅಡುಗೆಗೆ ಎತ್ತಿಡುವುದಕ್ಕೆ ಬಂದರೆ? ಅಷ್ಟೇ ಅವನ ಪ್ರಶ್ನೆ. ತಾರಸಿಯ ಕನ್ನಡಿಗಳು ಬಿಸಿಲನ್ನು ಒಂದು ಮುಚ್ಚಿದ ಪಾತ್ರೆಗೆ, ಅಂದರೆ ಕುಂಭಕ್ಕೆ, ಇಳಿಸುತ್ತವೆ. ಪಾತ್ರೆಯೊಳಗಿನ ಗಂಧಕ ಕರಗಿ ಕಾದು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಂಜೆ ಅದರ ಮೇಲೆ ಅನ್ನ, ಸಾರು, ರೊಟ್ಟಿ. ತೊಂದರೆ ಒಂದೇ. ಕಾದ ಗಂಧಕ ಉಕ್ಕನ್ನು ಗೆದ್ದಲಿನ ಹಾಗೆ ತಿನ್ನುತ್ತದೆ. ಅದಕ್ಕೆ ಜಗ್ಗದ, ಆದರೂ ನಮ್ಮಂಥವರ ಮನೆಗೆ ಎಟುಕುವ ಲೋಹ ಬೇಕಿತ್ತು.

ಸುಹಾಸ ಅದನ್ನು ಪುಡಿಯಿಂದ ಮಾಡಿದ. ಮುಕ್ಕಾಲು ಪಾಲು ಕಬ್ಬಿಣದ ಪುಡಿ, ಕಾಲು ಪಾಲು ಅಲ್ಯೂಮಿನಿಯಂ ಪುಡಿ. ಎರಡನ್ನೂ ತಿರುಗುವ ಡ್ರಮ್ಮಿನಲ್ಲಿ ದಿನವಿಡೀ ಉರುಳಿಸಿ ಬೆರೆಸಿ, ಅಚ್ಚಿನಲ್ಲಿ ಒತ್ತಿ, ಒತ್ತಡ ಬಿಡದೆ ಕಾಯಿಸಬೇಕು. ಆರುನೂರೈವತ್ತು ಡಿಗ್ರಿ ಹತ್ತಿರ ಬಂದಾಗ ಒಂದು ವಿಚಿತ್ರ ನಡೆಯುತ್ತದೆ: ಹೊರಗಿನ ಬೆಂಕಿ ಅಷ್ಟೇ ಇದ್ದರೂ ಒಳಗಿನ ಎರಡು ಪುಡಿಗಳು ಒಂದನ್ನೊಂದು ಹಿಡಿದುಕೊಂಡು ತಾವೇ ಹೊತ್ತಿ ಬೆಳಗುತ್ತವೆ. ಕ್ಷಣದಲ್ಲಿ ಅಲ್ಲಿ ಕಬ್ಬಿಣವೂ ಇಲ್ಲ, ಅಲ್ಯೂಮಿನಿಯಮ್ಮೂ ಇಲ್ಲ, ಮೂರನೆಯದೊಂದು ಹುಟ್ಟಿರುತ್ತದೆ. ಅದರಲ್ಲಿ ಒಂದೊಂದು ಪರಮಾಣುವಿಗೂ ಗೊತ್ತುಮಾಡಿದ ಜಾಗ, ಷಟ್ಪದಿಯಲ್ಲಿ ಮಾತ್ರೆಗೆ ಇರುವ ಹಾಗೆ. ಮೊದಲ ಸಲ ಕಿಟಕಿಗಾಜಿನೊಳಗಿಂದ ಆ ಬೆಳಕು ನೋಡಿದಾಗ ನನಗೆ ಗೊತ್ತಿಲ್ಲದೆ ಕೈ ಮುಗಿದಿದ್ದೆ. ಸುಹಾಸ ನಕ್ಕಿರಲಿಲ್ಲ. ಅವನೂ ಕೈ ಮುಗಿದ.

ಆ ಲೋಹಕ್ಕೊಂದು ದೌರ್ಬಲ್ಯ. ಬೆಂಕಿಗೆ ಹೆದರದು, ಗಂಧಕಕ್ಕೆ ಹೆದರದು, ಗಾಳಿಯ ತೇವಕ್ಕೆ ಹೆದರುತ್ತದೆ. ನೀರಾವಿ ಮೈಗೆ ತಾಗಿದರೆ ಅದರಿಂದ ಜಲಜನಕ ಬೇರೆಯಾಗಿ ಲೋಹದೊಳಗೆ ನುಸುಳುತ್ತದೆ. ನಿಧಾನವಾಗಿ ಅದು ಹಪ್ಪಳದ ಹಾಗೆ ಪೆಡಸಾಗುತ್ತದೆ. ಮದ್ದೂ ಇತ್ತು. ಕುಂಭವನ್ನು ಇನ್ನೊಂದು ಸಲ, ಸಾವಿರ ಡಿಗ್ರಿಯಲ್ಲಿ, ಗಾಳಿಯಾಡುವ ಕುಲುಮೆಯಲ್ಲಿ ಒಂಬತ್ತು ಗಂಟೆ ಬೇಯಿಸಬೇಕು. ಆಗ ಮೈತುಂಬ ವಿಭೂತಿ ಬಣ್ಣದ ತೆಳು ಚರ್ಮ ಕಟ್ಟುತ್ತದೆ. ಆ ಚರ್ಮ ದಾಟಿ ತೇವ ಒಳಗೆ ಹೋಗದು. ಎರಡು ಗಂಟೆಗೇ ತೆಗೆದರೆ ಬರೀ ನೀಲಿ ಛಾಯೆ, ಅಲ್ಲಲ್ಲಿ ತೂತು.

ಬೆಂದದ್ದು ಸಾಕೋ ಇಲ್ಲವೋ ಅನ್ನುವುದು ಕುಲುಮೆಯಿಂದ ಹೊರಬಂದ ದಿನ ಕಿವಿಗೆ ತಿಳಿಯುವುದಿಲ್ಲ. ಹೊಸ ಕುಂಭ ಯಾವುದಾದರೂ ಚೆನ್ನಾಗಿಯೇ ಹಾಡುತ್ತದೆ. ಅದಕ್ಕೇ ನಾನೊಂದು ಪದ್ಧತಿ ಮಾಡಿದ್ದೆ. ನೆಲದ ತುಂಬ ಬಿಸಿನೀರಿನ ತಟ್ಟೆಗಳಿಟ್ಟ ಕೋಣೆಯಲ್ಲಿ ಕುಂಭಗಳನ್ನು ಎಂಟು ದಿನ ಕೂರಿಸುವುದು. ಒಂಬತ್ತನೇ ದಿನ ಬಡಿದು ಕೇಳುವುದು. ಆ ಕೋಣೆಗೆ ನೀರ್ಮನೆ ಅಂತ ಹೆಸರಾಯಿತು. ಅಲ್ಲಿಯ ಎಂಟು ದಿನ ಒಂದು ಮನೆಯ ಅಡುಗೆಕೋಣೆಯ ಎಂಟು ತಿಂಗಳಿಗೆ ಸಮ. ನಾದ ಇದ್ದರೆ ಕಂಠದ ಮೇಲೆ ಸಣ್ಣ ಶಂಖದ ಮುದ್ರೆ ಒತ್ತುತ್ತಿದ್ದೆ. ಅಪ್ಪ ತಮ್ಮ ಎರಕದ ಅಚ್ಚುಗಳಿಗೆ ಹಾಕುತ್ತಿದ್ದ ಶಂಖ ಅದು. ಜನ ಕುಂಭ ತಗೊಳ್ಳುವಾಗ ಶಂಖ ಇದೆಯಾ ಅಂತ ಬೆರಳಾಡಿಸಿ ನೋಡುತ್ತಿದ್ದರು.

ಮೂರನೇ ವರ್ಷ ಸುಹಾಸ ಒಂದು ಯಂತ್ರ ತಂದ. "ಅಕ್ಕ, ನಿನ್ನ ಕಿವೀನ ಇದಕ್ಕೆ ಕೊಡು. ನಿನ್ನೊಬ್ಬಳ ಕಿವಿ ಎಷ್ಟಕ್ಕೆ ಅಂತ ಸಾಲುತ್ತೆ? ಒಲೆ ಇಲ್ಲದ ಮನೆ ಎಷ್ಟಿವೆ ಗೊತ್ತಾ?" ಅಂದ.

ಹನ್ನೊಂದು ತಿಂಗಳು ಕೊಟ್ಟೆ. ಬಡಿಯುವುದು, ಕೇಳುವುದು, "ಇದೆ" ಅಥವಾ "ಇಲ್ಲ" ಅನ್ನುವುದು. ಯಂತ್ರ ಕಲಿತುಕೊಂಡಿತು. ಮುದ್ರೆಯನ್ನೂ ಅದೇ ಕೊರೆಯತೊಡಗಿತು. ನನ್ನನ್ನು ತರಬೇತಿ ವಿಭಾಗದ ಮೇಜಿಗೆ ಕೂರಿಸಿದರು; ಅಲ್ಲಿ ತರಬೇತಿಗೆ ಬರುವವರು ಯಾರೂ ಇರಲಿಲ್ಲ. ನೀರ್ಮನೆಯನ್ನು ಹೊಳೆಯಾಚೆಯ ಹೊಸ ಶೆಡ್ಡಿಗೆ ಸಾಗಿಸಿದ್ದೇವೆ ಅಂದ ಸುಹಾಸ. ಹೌದಾ ಅಂದೆ. ಸೇತುವೆ ದಾಟಿದರೆ ಹತ್ತು ನಿಮಿಷದ ದಾರಿ. ನಾನು ಒಂದು ದಿನವೂ ದಾಟಲಿಲ್ಲ. ನಾನು ಕೈಹಿಡಿದು ಬೆಳೆಸಿದ ಹುಡುಗನ ಮಾತು ನಿಜವೋ ಅಂತ ನೋಡಿ ಬರುವುದಕ್ಕೆ ಯಾಕೆ ಹೋಗಬೇಕು?

ಯುಗಾದಿಯ ದಿನ ಅವನೇ ಒಂದು ಕುಂಭ ಹೊತ್ತು ತಂದು ಅಪ್ಪನ ಕಾಲ ಬಳಿ ಇಟ್ಟು ನಮಸ್ಕಾರ ಮಾಡಿದ. ಆ ಹೊತ್ತಿಗೆ ಕುಂಭಗಳಿಗೆಲ್ಲ ಕೆಂಪು ಬಣ್ಣ ಬಳಿದು ಕಳಿಸುವ ರೂಢಿ ಬಂದಿತ್ತು. ಅಪ್ಪನ ಕಣ್ಣು ಆಗಲೇ ಮಂಜು. ಕೈಯಿಂದ ಸವರಿ, "ಶಂಖ ಇದೆ" ಅಂದು ನಕ್ಕರು. "ಶಿಷ್ಯ ಅಂದ್ರೆ ಹಿಂಗಿರಬೇಕು, ಕಮಲೂ."

ಅದೇ ವಾರ ಜುಲೇಖಾಳೂ ಮೆಸ್ಸಿಗೆ ಒಂದು ಕುಂಭ ತಂದಳು. ನನಗೂ ಅವಳಿಗೂ ಲಂಗ ದಾವಣಿಯ ಕಾಲದ ಗೆಳೆತನ. "ಏ ಕಮಲಾ, ನಿನ್ನ ಶಂಖ ಇದ್ಯಂತ ತಗೊಂಡೆ ನೋಡು. ಇಲ್ದಿದ್ರೆ ಆ ಇಂಜಿನಿಯರ್ ಸಾಹೇಬನ್ನ ನಂಬ್ತಿದ್ನಾ? ಅವನು ಚಿಕ್ಕವನಿದ್ದಾಗ ನನ್ನ ಸಾರಲ್ಲಿ ಬರೀ ಆಲೂಗಡ್ಡೆ ಆರಿಸ್ಕೊಂಡು ತಿಂತಿದ್ದ, ಕಳ್ಳ!" ಅಂದಿದ್ದಳು.

ಜೂನ್ ಕೊನೆಯ ಮಂಗಳವಾರ, ಮಧ್ಯಾಹ್ನದ ಪಾಳಿಯವರು ಊಟಕ್ಕೆ ಬರುವ ಹೊತ್ತು. ಮೋಡ ಸರಿದು ಎರಡು ದಿನದಿಂದ ಒಳ್ಳೆಯ ಬಿಸಿಲು. ಕುಂಭ ಚೆನ್ನಾಗಿ ಕಾದಿತ್ತು. ಅನ್ನದ ಹಂಡೆಯ ಆವಿ ದಿನವಿಡೀ ಅದರ ಕಂಠಕ್ಕೆ ಬಡಿಯುತ್ತಿದ್ದ ಅಡುಗೆಮನೆ ಅದು. ಟಣ್ ಅಂತ ಒಂದು ಸದ್ದು ಬೀದಿಗೆ ಕೇಳಿಸಿತು. ಆಮೇಲೆ ನೀಲಿ ಉರಿ. ಆಮೇಲೆ ಆ ವಾಸನೆ. ಸಾವಿರ ಬೆಂಕಿಕಡ್ಡಿ ಒಟ್ಟಿಗೆ ಗೀರಿ ಮೂಗಿಗೆ ಹಿಡಿದ ಹಾಗೆ. ಊಟಕ್ಕೆ ಕೂತವರೆಲ್ಲ ಹೊರಗೆ ಓಡಿದರು. ಒಳಗಿದ್ದ ಅಡುಗೆಯವಳನ್ನು ಎಳೆದು ತರಲು ಜುಲೇಖಾ ವಾಪಸ್ ಹೋದಳು. ಅಡುಗೆಯವಳು ಬದುಕಿದಳು, ಜುಲೇಖಾಳ ಎದೆಯೊಳಗೆ ಹೊಗೆ ಹೊಕ್ಕಿತ್ತು.

ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಹಾಕಿದ್ದರು. ಬೀದಿಯ ಆ ತುದಿಯಿಂದ ಈ ತುದಿಗೆ ಕೇಳುವಂತೆ ಬೈಯುತ್ತಿದ್ದವಳ ದನಿ, ಒಣ ಎಲೆ ಉಜ್ಜಿದ ಹಾಗಾಗಿತ್ತು.

"ಕಮಲಾ," ಅಂದಳು. "ನೀನು ಕೇಳಿದ್ದೆ ತಾನೆ, ನಂದನ್ನ? ಬಡಿದು ಕೇಳಿದ್ದೆ ತಾನೆ?"

ನಾನು ಅವಳ ಹೊದಿಕೆಯ ಅಂಚು ಸರಿಮಾಡಿದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಗೋಡೆ ಕಡೆ ತಿರುಗಿದಳು.

ಮೆಸ್ಸಿನ ನೆಲದಿಂದ ಅಂಗೈಯಗಲದ ಒಂದು ಚೂರು ಹೆಕ್ಕಿ ತಂದೆ. ಅದರ ಮೇಲೆ ಕೊರೆದ ಕುಂಭದ ಸಂಖ್ಯೆ ಸಾವಿರದ ಆರುನೂರ ಹದಿನೇಳು. ಕೆಂಪು ಬಣ್ಣ ಹೆರೆದರೆ ಕೆಳಗೆ ನೀಲಿ. ಮನೆಗೆ ಓಡಿ ನಮ್ಮ ಕುಂಭದ ಬಣ್ಣವನ್ನೂ ಚಾಕುವಿನಿಂದ ಹೆರೆದೆ. ಅಪ್ಪ ಆ ಅಡುಗೆಮನೆಯಲ್ಲೇ ದಿನವೆಲ್ಲ ಕೂರುವವರು.

ವಿಭೂತಿ ಬಣ್ಣ. ಒಂದೇ ಸಮ, ದಟ್ಟ, ಎಲ್ಲೂ ತೂತಿಲ್ಲ.

ಸದ್ಯ, ಕಾಳಮ್ಮ ಕಾಪಾಡಿದಳು, ಅಂದುಕೊಂಡೆ. ಕೂತು ನೀರು ಕುಡಿದೆ. ಲೋಟ ಕೆಳಗಿಡುವಾಗ ನಮ್ಮ ಕುಂಭದ ಸಂಖ್ಯೆ ಕಣ್ಣಿಗೆ ಬಿತ್ತು. ಸಾವಿರದ ಆರುನೂರ ಹನ್ನೊಂದು. ಅದೇ ವಾರ ಅಚ್ಚಿನಿಂದ ಬಂದದ್ದು, ಅದೇ ಸಾಲು. ಆರು ಕುಂಭದ ಅಂತರ.

ಅವತ್ತು ಸೇತುವೆ ದಾಟಿದೆ. ಹೊಸ ಶೆಡ್ಡಿನ ಬಾಗಿಲಿಗೆ 'ನೀರ್ಮನೆ' ಅಂತ ಅಂದವಾಗಿ ಬರೆಸಿದ್ದರು. ಒಳಗೆ ಛಾವಣಿ ಮುಟ್ಟುವಂತೆ ಕೆಂಪು ಬಣ್ಣದ ಡಬ್ಬಗಳು. ನನ್ನ ನೀರಿನ ತಟ್ಟೆಗಳನ್ನು ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದರು, ಒಣಗಿ ಧೂಳು ಹಿಡಿದಿದ್ದವು.

ಅಲ್ಲಿಂದ ಕುಲುಮೆಯ ನಿಯಂತ್ರಣ ಕೋಣೆಗೆ ಹೋದೆ. ಕುಲುಮೆ ನೋಡಿಕೊಳ್ಳುವವನು ತಿಪ್ಪೇಶಪ್ಪ. ಅಪ್ಪನ ಕಾಲದಿಂದ ಗೊತ್ತು. ಕುರ್ಚಿ ಒರೆಸಿ ಕೂರಿಸಿದ.

"ಯುಗಾದಿ ವಾರದ ದಾಖಲೆ ತೋರಿಸಪ್ಪ."

ಪರದೆಯ ಮೇಲೆ ಸಾಲುಗಳು ಬಂದವು. ಸೋಮವಾರ, ಹನ್ನೆರಡು ಕುಂಭ, ಎರಡು ಗಂಟೆ. ಮಂಗಳವಾರ, ಹನ್ನೆರಡು, ಎರಡು ಗಂಟೆ. ಕಳೆದ ಆರು ತಿಂಗಳೂ ಹಾಗೇ.

"ಎರಡೇ ಗಂಟೆನಾ?"

"ಸಾಹೇಬರ ಆರ್ಡ್ರು ಕಣಮ್ಮ. ಕರೆಂಟು ಸಾಲಲ್ಲ, ಮಳೆಗಾಲದೊಳಗೆ ಎರಡು ಸಾವಿರ ಮನೆಗೆ ಕೊಡಬೇಕು ಅಂದ್ರು. ಯಂತ್ರ ಎಲ್ಲಕ್ಕೂ ಶಂಖ ಹೊಡೀತಲ್ಲ. ನಿಮ್ಮ ಕಿವೀನೇ ಅಂತೆ ಅದು. ನಾವು ಯಾರು ಕೇಳೋಕೆ?"

ಯಂತ್ರ ಸುಳ್ಳು ಹೇಳಿರಲಿಲ್ಲ. ಕುಲುಮೆಯಿಂದ ಬಂದ ದಿನವೇ ಬಡಿದು ಕೇಳಿಸಿದ್ದರು. ಆ ದಿನ ಎಲ್ಲವೂ ಹಾಡುತ್ತವೆ.

ಭಾನುವಾರದ ಸಾಲಿನ ಮೇಲೆ ನನ್ನ ಬೆರಳು ನಿಂತಿತು. ಕುಂಭ ಒಂದು. ಒಂಬತ್ತು ಗಂಟೆ.

"ಇದು?"

ತಿಪ್ಪೇಶಪ್ಪನ ಮುಖ ಅರಳಿತು. "ಓ, ಅದಾ! ಸಾಹೇಬರೇ ಬಂದಿದ್ರು ಅವತ್ತು. ನಂಗೆ ರಜ ತಗೋ ಅಂದ್ರು, ನಾನೆಲ್ಲಿ ಹೋಗ್ಲಿ, ಇಲ್ಲೇ ಇದ್ದೆ. ಒಂದೇ ಒಂದು ಕುಂಭ ಒಳಗಿಟ್ಟು ಬೆಳಗ್ಗೆಯಿಂದ ಸಾಯಂಕಾಲದವರೆಗೂ ಕುಲುಮೆ ಮುಂದೇನೇ ಕೂತಿದ್ರು. ಊಟಕ್ಕೂ ಏಳಲಿಲ್ಲ, ಪೂಜೆಗೆ ಕೂತಂಗೆ. ಯಾರಿಗೆ ಸಾಹೇಬ್ರೇ ಅಂದ್ರೆ, ಗುರುಗಳಿಗೆ ಅಂದ್ರು. ಭಕ್ತಿ ಅಂದ್ರೆ ಅದು ನೋಡಿ."

ಗೊತ್ತಿಲ್ಲದೆ ಮಾಡಿದ್ದ ಅಂದುಕೊಳ್ಳಲು ಒಂದು ಸಂದಿ ಇತ್ತಲ್ಲ, ಅದನ್ನು ಹುಡುಕಿಕೊಂಡೇ ಅಲ್ಲಿಯವರೆಗೆ ಬಂದಿದ್ದೆ. ಅವನ ಪ್ರೀತಿಯೇ ಆ ಸಂದಿಯನ್ನು ಮುಚ್ಚಿಬಿಟ್ಟಿತ್ತು. ಬೆಂದದ್ದು ಸಾಲದು ಅಂತ ಅವನಿಗೆ ಗೊತ್ತಿತ್ತು. ತನ್ನವರಿಗೆ ಮಾತ್ರ ಚೆನ್ನಾಗಿ ಬೇಯಿಸಿ ಕೊಟ್ಟ.

ನನ್ನ ಮುಖ ನೋಡಿ ತಿಪ್ಪೇಶಪ್ಪನ ನಗು ಇಳಿಯಿತು. "ಅಮ್ಮಾ, ನಮ್ಮನೇದು ಸಾವಿರದ ಆರುನೂರ ಮೂವತ್ತು. ಅದು... ಮನೇಲಿ ಸೊಸೆ ಬಾಣಂತಿ."

"ಈಗಲೇ ಹೋಗಿ ಕನ್ನಡಿ ಮುಚ್ಚು. ಪೂರ್ತಿ ತಣ್ಣಗಾಗಲಿ. ಆಮೇಲೆ ಅದನ್ನ ಬಿಚ್ಚಿ ನಮ್ಮನೆಗೆ ತಗೊಂಡು ಬಾ."

ಹೋಗುವ ದಾರಿಯಲ್ಲಿ ಸಿಕ್ಕವರಿಗೂ ಹೇಳು ಅಂದೆ. ಹೇಳಿದನಂತೆ. ಮರುದಿನ ಕಾರ್ಖಾನೆಯಿಂದ ಒಂದು ಚೀಟಿ ಹೊರಟಿತು: ಮೆಸ್ಸಿನ ಕುಂಭವನ್ನು ತಪ್ಪಾಗಿ ಬಳಸಿದ್ದರಿಂದ ಅವಘಡವಾಗಿದೆ, ಶಂಖದ ಮುದ್ರೆ ಇರುವ ಕುಂಭಗಳ ಬಗ್ಗೆ ಯಾರೂ ಹೆದರಬೇಕಾಗಿಲ್ಲ. ಜನ ಶಂಖ ಮುಟ್ಟಿ ನೋಡಿ ಸಮಾಧಾನವಾದರು. ಮುಚ್ಚಿದ ಕನ್ನಡಿಗಳೂ ತೆರೆದವು.

ಅಪ್ಪನಿಗೆ ಹೇಳುವುದಕ್ಕೆ ಮೂರು ದಿನ ಬೇಕಾಯಿತು. ಹೇಳಿದೆ. ಅವತ್ತಿನಿಂದ ಅವರು ಕುಂಭದ ಮೇಲೆ ಬೆಂದ ಅನ್ನ ಮುಟ್ಟಲಿಲ್ಲ. ಅವಲಕ್ಕಿ ನೆನೆಸಿಕೊಡು ಅಂದರು.

ಪ್ರತಿ ಭಾನುವಾರ ಬೆಳಗ್ಗೆ ಏಳೂವರೆಗೆ ನಮ್ಮ ಜಗುಲಿಯಿಂದ ಊರಿನ ಬಾನುಲಿಗೆ ಕಾವ್ಯವಾಚನ. ಓದುವವನು ಸುಹಾಸ, ಅರ್ಥ ಹೇಳುವವರು ಅಪ್ಪ, ಮೈಕಿನ ಗುಂಡಿ ಒತ್ತುವವಳು ನಾನು. ಕೆಂಚನಹೊಳೆಯ ಅಡುಗೆಮನೆಗಳಲ್ಲಿ ಅದನ್ನು ಕೇಳದ ಮನೆ ಕಡಿಮೆ. ಆ ಭಾನುವಾರವೂ ಅವನು ಬಂದ. ಬಿಳಿ ಪಂಚೆ, ಹಣೆಗೆ ಗಂಧ. ಅಪ್ಪನ ಕಾಲು ಮುಟ್ಟಿದ. ತಲೆಯೆತ್ತಿದಾಗ ಜಗುಲಿಯ ಮೇಲೆ ಎರಡು ಕುಂಭ ಕಂಡವು. ನಮ್ಮದು, ತಿಪ್ಪೇಶಪ್ಪನದು.

"ಬಡಿ, ಕಮಲೂ," ಅಂದರು ಅಪ್ಪ.

ಗಂಧಕ ತುಂಬಿದ ಕುಂಭದ ಹೊಟ್ಟೆ ಮಾತಾಡುವುದಿಲ್ಲ. ಕಂಠ ಮಾತ್ರ ಮಾತಾಡುತ್ತದೆ. ಮೊದಲು ನಮ್ಮದನ್ನು ಬಡಿದೆ. ನಾದ ಹೊಳೆಯ ಕಡೆ ಹೋಯಿತು, ಎಲ್ಲಿ ಮುಗಿಯಿತೋ ತಿಳಿಯಲಿಲ್ಲ. ಆಮೇಲೆ ತಿಪ್ಪೇಶಪ್ಪನದು. ಹೊರಟಿತು, ಅರ್ಧದಾರಿಯಲ್ಲಿ ಎಡವಿತು.

"ಗುರುಗಳೇ, ಯಂತ್ರ ಎರಡಕ್ಕೂ ಸರಿ ಅಂತಾನೇ..."

"ಯಂತ್ರ ಬಿಡು. ನೀನು ಕೇಳಿದೆಯಲ್ಲ, ನೀನು ಹೇಳು."

ಸುಹಾಸ ತಲೆ ತಗ್ಗಿಸಿದ.

"ನನ್ನದನ್ನ ಒಂಬತ್ತು ಗಂಟೆ ಯಾಕೆ ಬೇಯಿಸಿದೆ?"

ಪಂಚೆಯ ಅಂಚು ನೋಡುತ್ತಲೇ ಅಂದ: "ನೀವು ನನ್ನ ಗುರುಗಳು."

"ಜುಲೇಖಾ ಹದಿನೈದು ವರ್ಷ ನಿನ್ನ ಎಲೆಗೆ ಅನ್ನ ಹಾಕಿದಾಳೆ." ಅಪ್ಪನ ದನಿ ಏರಲೇ ಇಲ್ಲ. "ಅವಳು ನಿನಗೆ ಯಾರಾಗಬೇಕು?"

ಅವನು ನನ್ನ ಕಡೆ ತಿರುಗಿದ. ಕಣ್ಣು ತುಂಬಿತ್ತು. "ಅಕ್ಕ, ಹಸಿ ಸೌದೆ ಹೊಗೆಯಲ್ಲಿ ಎಷ್ಟು ಜನ ಕೆಮ್ಮಿ ಸಾಯ್ತಿದ್ರು, ನಿಂಗೇ ಗೊತ್ತು. ಒಂಬತ್ತು ಗಂಟೆ ಬೇಯಿಸ್ತಾ ಕೂತಿದ್ರೆ ಇನ್ನೂ ನಾನೂರು ಮನೆಗೂ ಮುಟ್ಟುತ್ತಿರಲಿಲ್ಲ. ಒಂದೆರಡು ವರ್ಷ ತಡೀತವೆ, ಅಷ್ಟರಲ್ಲಿ ಒಂದೊಂದೇ ಬದಲಾಯಿಸೋಣ ಅಂತಿದ್ದೆ. ಈಗಲೂ ಮಾಡ್ತೀನಿ. ಮಳೆಗಾಲ ಕಳೀಲಿ. ಸದ್ದಿಲ್ಲದೆ ಎಲ್ಲಾನೂ ವಾಪಸ್ ತಗೋತೀನಿ. ನಿನ್ನ ಹೆಸರಿಗೂ ಏನೂ ಆಗಲ್ಲ. ಸ್ವಲ್ಪ ಟೈಮು ಕೊಡು, ಅಕ್ಕ."

ಹೊರಗೆ ಬೆಳಗಿನ ಬಿಸಿಲು ಏರುತ್ತಿತ್ತು. ಇನ್ನೊಂದು ಗಂಟೆಯಲ್ಲಿ ಊರಿನ ತಾರಸಿಗಳ ಮೇಲಿನ ಕನ್ನಡಿಗಳು ಎರಡು ಸಾವಿರ ಕಂಠಗಳನ್ನು ಕಾಯಿಸತೊಡಗುತ್ತವೆ. ಹುಟ್ಟಿದಾಗಿನಿಂದ ನಾನು ಕೇಳುವವಳು. ಊರಿನೆದುರು ಬಾಯಿ ತೆರೆದವಳಲ್ಲ.

ಗುಂಡಿ ಒತ್ತಿದೆ. ಮೈಕಿನ ಕೆಂಪು ದೀಪ ಹತ್ತಿತು.

"ನಾನು ಕಮಲಾಕ್ಷಿ," ಅಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು. "ವೀರಭದ್ರಾಚಾರ್ ಅವರ ಮಗಳು. ನಿಮ್ಮ ಕುಂಭದ ಮೇಲಿರೋ ಶಂಖ ನನ್ನದು. ಕಳೆದ ಆರು ತಿಂಗಳಿಂದ ಬಂದ ಕುಂಭಗಳನ್ನ ನಾನು ಕೇಳಿಲ್ಲ. ಕೇಳಿದೀನಿ ಅಂತ ನೀವು ನಂಬಿದ್ರಿ, ಅದು ನನ್ನ ತಪ್ಪು. ಇವತ್ತು ಕನ್ನಡಿ ತೆರೀಬೇಡಿ. ಈಗ ಎರಡು ನಾದ ಕೇಳಿಸ್ತೀನಿ. ಮೊದಲನೇದು ಗಟ್ಟಿ ಕುಂಭ. ಎರಡನೇದು ಒಡೆಯೋ ಕುಂಭ. ಕೇಳಿ, ಆಮೇಲೆ ಮರದ ಸೌಟು ತಗೊಂಡು ನಿಮ್ಮ ಕುಂಭದ ಕಂಠಕ್ಕೆ ಮೆಲ್ಲಗೆ ಒಂದೇ ಏಟು ಹಾಕಿ ನೋಡಿ."

ಎರಡನ್ನೂ ಬಡಿದೆ. ಮೂರು ಸಲ, ನಿಧಾನವಾಗಿ.

ಅಪ್ಪ ಮೈಕಿನ ಕಡೆ ಬಾಗಿ, "ಇವತ್ತು ಕಾವ್ಯ ಇಲ್ಲ. ಇದೇ ವಾಚನ," ಅಂದರು. ನಾನು ಗುಂಡಿ ಆರಿಸಿದೆ.

ಆಮೇಲೆ ಎಡಗಡೆಯ ಮೂರನೇ ಮನೆಯಿಂದ ಒಂದು ಏಟು ಕೇಳಿಸಿತು. ಅದರ ಹಿಂದೆಯೇ ಹಿಂಬೀದಿಯಿಂದ ಒಂದು. ಗಾಡಿಖಾನೆ ಓಣಿಯಿಂದ, ಹೊಳೆದಂಡೆಯ ಸಾಲುಮನೆಗಳಿಂದ, ಮಸೀದಿ ಹಿಂದಿನ ತಾರಸಿಗಳಿಂದ. ಒಂದೊಂದು ಕಿಟಕಿಯಿಂದಲೂ ಒಂದೊಂದು ನಾದ ಹೊರಟು, ಹೆಚ್ಚಿನವು ಎಲ್ಲೋ ಎಡವಿ ಬೀಳುತ್ತಿದ್ದವು. ಎಲ್ಲೋ ಒಬ್ಬ ಹೆಂಗಸು ಜೋರಾಗಿ ಯಾರನ್ನೋ ಕೂಗಿ ಕರೆದಳು. ತಾರಸಿಗಳ ಮೇಲೆ ಜನ ಓಡಾಡಿ ಕನ್ನಡಿಗಳಿಗೆ ಗೋಣಿಚೀಲ ಹೊದಿಸುತ್ತಿದ್ದರು.

ಸುಹಾಸ ಎದ್ದು ಹೋಗಲಿಲ್ಲ. ಅಪ್ಪ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಮುಖ ತಿರುಗಿಸಿ ಕೂತಿದ್ದರು. ಅವನು ಚಿಕ್ಕಂದಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಅದೇ ಮೂಲೆಯಲ್ಲಿ, ಗೋಡೆಗೊರಗಿ ಕಣ್ಣು ಮುಚ್ಚಿದ್ದ. ಊರು ಬಡಿಯುತ್ತಿತ್ತು. ಒಂದೊಂದು ನಾದ ಮುಗಿದಾಗಲೂ ಅವನ ತುಟಿ ಅಲುಗುತ್ತಿತ್ತು. ಹತ್ತಿರವಿದ್ದ ನನಗೆ ಮಾತ್ರ ಕೇಳಿಸುವಷ್ಟು ಸಣ್ಣದಾಗಿ ಹೇಳಿಕೊಳ್ಳುತ್ತಿದ್ದ.

ಇಲ್ಲ. ಇಲ್ಲ. ಇದೆ. ಇಲ್ಲ. ಇಲ್ಲ.

ಒಂದನ್ನೂ ತಪ್ಪು ಹೇಳಲಿಲ್ಲ.